ಭಾವಗೀತೆಗಳ ಸಿ.ಡಿ.ಯ ಹಿಂಬದಿಗೆ ಜೋಗವೋ ಆಗುಂಬೆಯೋ ಎಂದು ಕೇಳಿದವರಿಗೆ

ತಮ್ಮ ತಂಡದ ಭಾವಗೀತೆಗಳ ಸಿ.ಡಿ.ಗೆ ಹಿಂಬದಿಯಲ್ಲಿ ಯಾವ ಮಲೆನಾಡಿನ ಚಿತ್ರ ಒಪ್ಪುತ್ತದೆ, ಹಾಡುಗಳ ಪಟ್ಟಿಯನ್ನು ಅದರ ಮೇಲೆ ಎಲ್ಲಿ ಕೂರಿಸಬೇಕು ಎಂದು ಕೇಳಿದ್ದೀರಿ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಡಿ.ಟಿ.ಪಿ. ಕೆಲಸ ಮಾಡಿಕೊಂಡಿದ್ದ ಕಾಲದಲ್ಲಿ, ತೀರ್ಥಹಳ್ಳಿ ಕಡೆಯ ಒಂದು ಹವ್ಯಾಸಿ ಗಾಯನ ತಂಡಕ್ಕಾಗಿ ನಾನು ಇದೇ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಕುಳಿತಿದ್ದೆ ಮತ್ತು ಆಗುಂಬೆಯನ್ನು ಆರಿಸಿದೆ. ಮಳೆಗಾಲದ ಕಾಡು, ಕಪ್ಪಿಗೆ ತಿರುಗಿದ ಹಸಿರು, ಮೇಲ್ತುದಿಯಲ್ಲಿ ಒಂದಿಷ್ಟು ಮಂಜು. ಆ ಹಸಿರಿನ ಮೇಲೆ ಹಾಡು, ಕವಿ, ರಾಗಸಂಯೋಜನೆ, ಗಾಯಕರು, ವಾದ್ಯದವರು ಎಲ್ಲವನ್ನೂ ಏಳು ಪಾಯಿಂಟಿನ ಬಿಳಿ ಅಕ್ಷರಗಳಲ್ಲಿ ತುಂಬಿಸಿದೆ. ಪರದೆಯ ಮೇಲೆ ನೋಡಿದ ತಂಡದವರೆಲ್ಲ ಮೆಚ್ಚಿದರು. ಸಿ.ಡಿ. ಡಬ್ಬಿಯ ಹಿಂಬದಿಗೆ ಕೂರಲೆಂದು ಅಚ್ಚಾಗಿ ಬಂದ ಸಾವಿರ ಕಾರ್ಡುಗಳಲ್ಲಿ ತಬಲಾ ನುಡಿಸಿದವರಿಗೆ ತಮ್ಮ ಹೆಸರನ್ನು ತಾವೇ ಓದಲಾಗಲಿಲ್ಲ.

ಏನಾಯಿತೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದನ್ನು ಮುದ್ರಣ ಯಂತ್ರದ ಪಕ್ಕದಲ್ಲಿ ನಿಂತವರು ಬಲ್ಲರೇ ಹೊರತು ಕಂಪ್ಯೂಟರಿನ ಮುಂದೆ ಕುಳಿತವರು ಅಷ್ಟಾಗಿ ಯೋಚಿಸುವುದಿಲ್ಲ. ಸಾಮಾನ್ಯವಾದ ನಾಲ್ಕು ಬಣ್ಣದ ಆಫ್‌ಸೆಟ್ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚಿನ ಪ್ಲೇಟು, ಬಿಳಿ ಶಾಯಿ ಇರುವುದಿಲ್ಲ. ಬಿಳಿ ಅಕ್ಷರವೆಂದರೆ ಶಾಯಿ ಬೀಳದೆ ಉಳಿದ ಕಾಗದ. ನನ್ನ ಕಡುಹಸಿರು ನೀಲಿ, ಕೆಂಪು, ಹಳದಿ, ಕಪ್ಪು ಈ ನಾಲ್ಕೂ ಪ್ಲೇಟುಗಳಿಂದ ಆಗಿದ್ದುದರಿಂದ, ಪ್ರತಿಯೊಂದು ಅಕ್ಷರಕ್ಕೂ ನಾಲ್ಕು ಪ್ಲೇಟಿನಲ್ಲಿ ನಾಲ್ಕು ಖಾಲಿ ಜಾಗಗಳು ಉಳಿಯಬೇಕಿತ್ತು, ಆ ನಾಲ್ಕೂ ಒಂದರ ಮೇಲೊಂದು ಕೂದಲೆಳೆಯಷ್ಟೂ ಸರಿಯದೆ ಕೂರಬೇಕಿತ್ತು. ನಾನು ಕೊಟ್ಟ ಪ್ರೆಸ್ಸಿನಲ್ಲಿ ಇದ್ದದ್ದು ಎರಡು ಬಣ್ಣದ ಯಂತ್ರ. ಎರಡು ಬಣ್ಣ ಮೊದಲ ಸುತ್ತಿನಲ್ಲಿ ಆಯಿತು, ಉಳಿದೆರಡು ಮರುದಿನ. ಜುಲೈ ತಿಂಗಳು, ಹೊರಗೆ ಬಿಡದೆ ಸುರಿಯುತ್ತಿದ್ದ ಮಳೆ. ಕಾಗದ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಅದರ ನಾರು ಹಾಯ್ದ ದಿಕ್ಕಿಗಿಂತ ಅಡ್ಡದಿಕ್ಕಿನಲ್ಲಿ ಹೆಚ್ಚು ಹಿಗ್ಗುತ್ತದೆ. ರಾತ್ರಿಯಿಡೀ ತೇವದಲ್ಲಿದ್ದ ಹಾಳೆಗಳು ಬೆಳಿಗ್ಗೆ ಯಂತ್ರಕ್ಕೆ ಮರಳುವಾಗ ನಿನ್ನೆಯ ಅಳತೆಯಲ್ಲಿ ಇರಲಿಲ್ಲ. ಹಾಳೆಯ ನಡುವೆ ಬಣ್ಣ ಹೊಂದಿಸಿದರೆ ಅಂಚಿನಲ್ಲಿ ತಪ್ಪುತ್ತಿತ್ತು.

ಏಳು ಪಾಯಿಂಟಿನ ಸಣಕಲು ಫಾಂಟಿನಲ್ಲಿ ಅಕ್ಷರದ ಗೆರೆಯ ದಪ್ಪ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗವೂ ಇರುವುದಿಲ್ಲ. ಬಣ್ಣ ಅದರ ಅರ್ಧದಷ್ಟು ಸರಿದರೂ ಬಿಳಿ ಗೆರೆಯ ಅರ್ಧ ಭಾಗ ಶಾಯಿಯಲ್ಲಿ ಮುಚ್ಚಿಹೋಗುತ್ತದೆ. ಅದರಲ್ಲೂ ಕನ್ನಡದ ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕವು. ‘ಷ್ಟ್ರ’, ‘ಕ್ಷ್ಮಿ’ಗಳಲ್ಲಿ ಒಂದರ ಕೆಳಗೊಂದು ಇಕ್ಕಟ್ಟಾಗಿ ನಿಲ್ಲುವಂಥವು. ತಲೆಕಟ್ಟುಗಳು ಹೇಗೋ ಉಳಿದುಕೊಂಡವು, ಒತ್ತುಗಳು ಹಸಿರಿನಲ್ಲಿ ಮುಳುಗಿದವು.

ಪ್ರೂಫ್ ತೆಗೆಸಲಿಲ್ಲವೇ ಎಂದು ತಾವು ಕೇಳಬಹುದು. ತೆಗೆಸಿದ್ದೆ, ಡಿಜಿಟಲ್ ಕಲರ್ ಪ್ರಿಂಟಿನ ಅಂಗಡಿಯಲ್ಲಿ. ಅಲ್ಲಿ ಹಾಳೆ ಒಂದೇ ಸಲಕ್ಕೆ ಯಂತ್ರದೊಳಗೆ ಹೋಗಿ ನಾಲ್ಕೂ ಬಣ್ಣ ಹೊತ್ತು ಹೊರಬರುತ್ತದೆ, ರಾತ್ರಿ ಕಳೆಯುವ ಪ್ರಸಂಗವೇ ಇಲ್ಲ. ಹಾಗಾಗಿ ಅದು ಅಚ್ಚುಕಟ್ಟಾಗಿ ಬಂತು, ನಾನು ನಂಬಿದೆ. ಪ್ರೆಸ್ಸಿನ ಹಿರಿಯ ಕೆಲಸಗಾರರು ಫೈಲು ನೋಡಿದ ಕೂಡಲೇ “ಅಕ್ಷರ ಬೋಲ್ಡ್ ಮಾಡಿ ಸಾರ್, ತುಂಬ್ಕೊಂಡ್ಬಿಡುತ್ತೆ” ಎಂದಿದ್ದರು. ಬೋಲ್ಡ್ ಮಾಡಿದರೆ ನನ್ನ ವಿನ್ಯಾಸದ ನಾಜೂಕು ಕೆಡುತ್ತದೆ ಎಂದು ನಾನು ಒಪ್ಪಲಿಲ್ಲ. ಮರುಮುದ್ರಣದ ಖರ್ಚು ನನ್ನ ಮೇಲೇ ಬಿತ್ತು, ಅದು ನ್ಯಾಯವೂ ಆಗಿತ್ತು.

ಬಿಡುಗಡೆಯ ದಿನಕ್ಕೆ ಹೊಸ ಕಾರ್ಡುಗಳು ಸಿದ್ಧವಾಗಲಿಲ್ಲ. ಮಾರಾಟದ ಮೇಜಿನ ಹಿಂದೆ ನಿಂತಿದ್ದ ನನಗೆ ಜನ ಸಿ.ಡಿ.ಯನ್ನು ಹೇಗೆ ಕೊಳ್ಳುತ್ತಾರೆಂಬುದು ಅಂದು ಕಾಣಿಸಿತು. ಮುಂಬದಿಯನ್ನು ಒಂದು ಕ್ಷಣ ನೋಡುತ್ತಾರೆ, ಕೂಡಲೇ ತಿರುಗಿಸುತ್ತಾರೆ, ಕನ್ನಡಕ ಸರಿಪಡಿಸಿಕೊಂಡು ಟ್ಯೂಬ್‌ಲೈಟಿನ ಕಡೆಗೆ ಹಿಡಿಯುತ್ತಾರೆ. ಯಾರ ಕವಿತೆ, ಯಾರು ಹಾಡಿದ್ದಾರೆ, ತಮಗೆ ಗೊತ್ತಿರುವ ಹಾಡು ಇದೆಯೇ ಎಂದು ಹುಡುಕುತ್ತಾರೆ. ಓದಲಾಗದಿದ್ದರೆ ಮೇಜಿನ ಮೇಲೆ ಇಟ್ಟು ಮುಂದೆ ಹೋಗುತ್ತಾರೆ.

ಆದ್ದರಿಂದ ತಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹಿಂಬದಿಗೆ ಜೋಗವೂ ಬೇಡ, ಆಗುಂಬೆಯೂ ಬೇಡ, ಕೊಡಚಾದ್ರಿಯೂ ಬೇಡ. ಚಿತ್ರ ಬೇಕೇಬೇಕೆಂದಿದ್ದರೆ ಸಿ.ಡಿ. ಕೂರುವ ಪ್ಲಾಸ್ಟಿಕ್ ಟ್ರೇಯನ್ನು ಪಾರದರ್ಶಕವಾದದ್ದೇ ಕೊಂಡು ಅದೇ ಕಾರ್ಡಿನ ಒಳಮೈಯಲ್ಲಿ ಹಾಕಿಸಿ. ಸಿ.ಡಿ. ತಟ್ಟೆಯನ್ನು ತೆಗೆದಾಗ ಕಾಣುತ್ತದೆ. ಹಿಂಬದಿಯ ಇನ್‌ಲೇ ಕಾರ್ಡಿನ ಅಳತೆ 151 ಮಿ.ಮೀ. ಅಗಲ, 118 ಮಿ.ಮೀ. ಎತ್ತರ. ಎರಡೂ ಪಕ್ಕದಲ್ಲಿ ಮಡಿಸುವ ಬೆನ್ನಿನ ಪಟ್ಟಿಗಳಿಗೆ ತಲಾ ಸುಮಾರು 6.5 ಮಿ.ಮೀ. ಹೋದರೆ ಉಳಿಯುವ ಅಗಲ 138 ಮಿ.ಮೀ., ಅಂದರೆ ಒಂದು ಮದುವೆ ಕಾಗದದಷ್ಟೂ ಜಾಗವಿಲ್ಲ. ಹತ್ತು ಹಾಡುಗಳಿಗೆ ಮೊದಲ ಸಾಲು, ಕವಿ, ಸಂಯೋಜಕರು, ಗಾಯಕರು, ಅವಧಿ ಎಂದು ಬರೆಯುತ್ತಾ ಹೋದರೆ ಜಲಪಾತಕ್ಕೆ ಜಾಗ ಎಲ್ಲಿದೆ?

ಮೊದಲು ಬರಹವನ್ನು ಪೂರ್ತಿಯಾಗಿ ಸಿದ್ಧಪಡಿಸಿಕೊಳ್ಳಿ, ಅದೂ ಮಾಸ್ಟರಿಂಗ್ (ಧ್ವನಿಮುದ್ರಣವನ್ನು ಹದಗೊಳಿಸುವ ಕೊನೆಯ ಹಂತ) ಮುಗಿದು ಹಾಡುಗಳ ಕ್ರಮ ನಿಂತ ಮೇಲೆ. ಅದರಲ್ಲಿ ಕಾನೂನು ಕೇಳುವ ವಿಷಯವೂ ಸೇರಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 1984ರಲ್ಲಿ ಸೇರಿಸಲಾದ 52ಎ ಕಲಮಿನ ಪ್ರಕಾರ ಧ್ವನಿಮುದ್ರಣವನ್ನು ತಯಾರಿಸಿದವರ ಹೆಸರು ವಿಳಾಸ, ಹಕ್ಕುಸ್ವಾಮ್ಯ ಉಳ್ಳವರ ಹೆಸರು ವಿಳಾಸ ಮತ್ತು ಮೊದಲು ಪ್ರಕಟವಾದ ವರ್ಷ ತಟ್ಟೆಯ ಮೇಲೂ ಅದರ ಹೊದಿಕೆಯ ಮೇಲೂ ಇರಲೇಬೇಕು; ಇಲ್ಲದಿದ್ದರೆ 68ಎ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ ಮತ್ತು ದಂಡಕ್ಕೆ ಅವಕಾಶವಿದೆ. ವೃತ್ತದೊಳಗಿನ ‘ಪಿ’ ಧ್ವನಿಮುದ್ರಣದ ಹಕ್ಕನ್ನು, ವೃತ್ತದೊಳಗಿನ ‘ಸಿ’ ಬರಹ ಮತ್ತು ವಿನ್ಯಾಸದ ಹಕ್ಕನ್ನು ಸೂಚಿಸುತ್ತವೆ. ಎರಡನ್ನೂ ವರ್ಷದೊಂದಿಗೆ ಹಾಕಿ. ಕವಿಗಳ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಸಲುಗೆ ಉಂಟು, ಕುವೆಂಪು ನಮ್ಮವರೇ ಅಲ್ಲವೇ ಎಂದು. ಅವರ ಊರು ಕುಪ್ಪಳಿ ಪಕ್ಕದಲ್ಲೇ ಇದ್ದರೂ ಹಕ್ಕು ಹಕ್ಕೇ. ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಲೆಕ್ಕ ಹಾಕಬೇಕು. ಕುವೆಂಪು 1994ರಲ್ಲಿ ನಿಧನರಾದರು, ಆದ್ದರಿಂದ ಅವರ ಕವಿತೆಗಳ ಹಕ್ಕು 2054ರ ಕೊನೆಯವರೆಗೆ ಇರುತ್ತದೆ. ಅನುಮತಿ ಪಡೆದು, ಯಾರ ಅನುಮತಿಯಿಂದ ಎಂಬುದನ್ನು ಹಿಂಬದಿಯಲ್ಲೇ ಮುದ್ರಿಸಿ.

ವಿನ್ಯಾಸದ ಬಗ್ಗೆ ನನಗೆ ಹೆಚ್ಚು ಹೇಳಲು ಉಳಿದಿಲ್ಲ. ತಿಳಿ ಹಿನ್ನೆಲೆ, ಕಪ್ಪು ಪ್ಲೇಟಿನಲ್ಲಿ ಮಾತ್ರ ಬರುವ ಕಪ್ಪು ಅಕ್ಷರ, ಎಂಟೂವರೆ ಅಥವಾ ಒಂಬತ್ತು ಪಾಯಿಂಟು, ಒತ್ತುಗಳು ಕೆಳಗಿನ ಸಾಲಿನ ಗುಣಿತಕ್ಕೆ ತಾಗದಷ್ಟು ಸಾಲಂತರ. ಬರಹವನ್ನು ಫೋಟೋಶಾಪಿನಲ್ಲಿ ಮಾಡಬೇಡಿ, ಇಲಸ್ಟ್ರೇಟರಿನಲ್ಲೋ ಇನ್‌ಡಿಸೈನಿನಲ್ಲೋ ಮಾಡಿ. ಇನ್‌ಡಿಸೈನಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸದಿದ್ದರೆ ಯುನಿಕೋಡ್ ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. (‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಈ ರಗಳೆ ಇರಲಿಲ್ಲ, ಬೇರೆ ರಗಳೆಗಳಿದ್ದವು.) ಯೂಟ್ಯೂಬಿನ ಕೊಂಡಿಗೆ ಕ್ಯೂಆರ್ ಸಂಕೇತ ಹಾಕುವುದಾದರೆ ಎರಡು ಸೆಂಟಿಮೀಟರಿಗಿಂತ ಚಿಕ್ಕದು ಬೇಡ, ಸುತ್ತ ಖಾಲಿ ಅಂಚು ಬಿಡಿ.

ಕೊನೆಗೆ, ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಮತ್ತೆ ಟೈಪ್ ಮಾಡಿ ತಿದ್ದಲಾಗದ ಆಕೃತಿಗಳಿಗೆ, ಬದಲಿಸುವ ಮೊದಲು ಒಂದು ಪ್ರಿಂಟ್ ತೆಗೆದು ಹಾಡಿದವರು, ನುಡಿಸಿದವರು ಪ್ರತಿಯೊಬ್ಬರಿಂದಲೂ ಅವರವರ ಹೆಸರಿನ ಮುಂದೆ ಸಹಿ ಮಾಡಿಸಿಕೊಳ್ಳಿ. ನಮ್ಮ ಮರುಮುದ್ರಣಕ್ಕೆ ಹಾಗೆ ಮಾಡಿಸಿದಾಗ ಕೊಳಲು ನುಡಿಸಿದವರ ಇನಿಶಿಯಲ್ ತಪ್ಪಾಗಿರುವುದು ಸಿಕ್ಕಿತು. ಮೊದಲ ಸಾವಿರದಲ್ಲೂ ಅದು ತಪ್ಪಾಗಿಯೇ ಅಚ್ಚಾಗಿತ್ತು, ಓದಲು ಬಾರದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.