"ಲಾಯರ್ ಆಂಟಿ ಕೇಳಿದ್ರೆ ಏನ್ ಹೇಳ್ಲಿ ಅಪ್ಪಾ?"

ಪ್ರಶ್ನೆ: ನಾನು ಮಂಡ್ಯ ಹತ್ತಿರದ ಹಳ್ಳಿಯವನು. ಕಬ್ಬು, ಭತ್ತ ಬೆಳೆಯುತ್ತೇನೆ. ಹೆಂಡತಿ ಎರಡು ವರ್ಷದಿಂದ ಮೈಸೂರಿನ ಕುವೆಂಪುನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಬೇರೆ ಇದ್ದಾಳೆ. ಒಂಬತ್ತು ವರ್ಷದ ಮಗಳು ಅವಳ ಜೊತೆ. ಡೈವೋರ್ಸ್ ಕೇಸು, ಮಗಳ ಕಸ್ಟಡಿ ಕೇಸು ಎರಡೂ ಮೈಸೂರಿನ ಫ್ಯಾಮಿಲಿ ಕೋರ್ಟಿನಲ್ಲಿ ನಡೆಯುತ್ತಿವೆ. ಹೋದ ತಿಂಗಳು ಜಡ್ಜ್, ಮಗಳ ಪರವಾಗಿ ಅಂತ ಇನ್ನೊಬ್ಬ ಮಹಿಳಾ ವಕೀಲರನ್ನು ನೇಮಿಸಿದ್ದಾರೆ. ಅವರು ಮಗಳನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡುತ್ತಾರಂತೆ, ನಮ್ಮ ಮನೆಗೂ ಬರುತ್ತಾರಂತೆ. ಹೆತ್ತವರು ನಾವಿರುವಾಗ ಮಧ್ಯೆ ಇವರು ಯಾಕೆ? ಕಳೆದ ಶನಿವಾರ ಭೇಟಿಯಲ್ಲಿ ಮಗಳೇ, "ಲಾಯರ್ ಆಂಟಿ ಕೇಳಿದ್ರೆ ಏನ್ ಹೇಳ್ಲಿ ಅಪ್ಪಾ?" ಅಂದಳು. ಹೇಳಿಕೊಡೋಣ ಅನ್ನಿಸಿತು, ಬಾಯಿ ಬರಲಿಲ್ಲ. ಆ ವಕೀಲರು ನಮ್ಮ ಕಡೆಯವರೇ, ಒಂದು ಮಾತು ಹೇಳಿಸೋಣ ಅಂತ ಸೋದರಮಾವ ಅನ್ನುತ್ತಿದ್ದಾರೆ. ಏನು ಮಾಡಲಿ?
— ಹೆಸರು ಬೇಡ, ಮಂಡ್ಯ

ಉತ್ತರ: ಬಾಯಿ ಬರಲಿಲ್ಲ ಅಂದಿರಲ್ಲ, ಒಳ್ಳೆಯದೇ ಆಯಿತು. ಮುಂದೆಯೂ ಬರುವುದು ಬೇಡ.

ಮೊದಲು ಮಾವನ ಮಾತಿಗೆ ಬರೋಣ. ಯಾರ ಮೂಲಕವೂ ಆ ವಕೀಲರಿಗೆ ಮಾತು ಹೇಳಿಸಬೇಡಿ. ಒಂದು ಫೋನ್ ಕೂಡ ಬೇಡ. ನಮ್ಮ ಕಡೆ ಎಲ್ಲ ಕೆಲಸಕ್ಕೂ "ಯಾರಾದ್ರೂ ಗೊತ್ತಿದ್ದಾರಾ" ಅಂತ ಹುಡುಕುವುದು ರೂಢಿ, ನನಗೂ ಗೊತ್ತು. ಆದರೆ ಇಲ್ಲಿ ಅದು ತಿರುಗಿ ನಿಮಗೇ ಹೊಡೆಯುತ್ತದೆ. ಅವರು ಜಡ್ಜ್‌ಗೆ "ತಂದೆ ಕಡೆಯಿಂದ ಒತ್ತಡ ಬಂತು" ಅಂತ ಒಂದು ಸಾಲು ಬರೆದರೆ, ನಿಮ್ಮ ವಕೀಲರು ಎಷ್ಟು ವಾದ ಮಾಡಿದರೂ ಅದನ್ನು ಅಳಿಸುವುದು ಕಷ್ಟ.

ಈಗ, ಅವರು ಯಾಕೆ ಅನ್ನುವುದು. ನಿಮಗೆ ಒಬ್ಬ ವಕೀಲರಿದ್ದಾರೆ, ನಿಮ್ಮ ಹೆಂಡತಿಗೆ ಒಬ್ಬರು. ಇಬ್ಬರೂ ತಮ್ಮ ತಮ್ಮ ಕಕ್ಷಿದಾರರ ಮಾತು ಆಡುತ್ತಾರೆ, ಅದು ಅವರ ಕೆಲಸ. ಜಗಳ ನಡೆಯುತ್ತಿರುವುದು ಯಾರ ಬಗ್ಗೆಯೋ, ಆ ಮಗುವಿನ ಕಡೆ ಮಾತಾಡೋರು ಯಾರೂ ಇಲ್ಲ. ಆ ಕೊರತೆ ತುಂಬಲು ಈ ವಕೀಲರು ಬಂದಿದ್ದಾರೆ. ಅಮೆರಿಕದಲ್ಲಿ ಇಂಥವರನ್ನು ಗಾರ್ಡಿಯನ್ ಆಡ್ ಲೈಟಮ್ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ 2001ರಿಂದ ಇದಕ್ಕೆಂದೇ ಕ್ಯಾಫ್‌ಕ್ಯಾಸ್ ಅನ್ನುವ ಸಂಸ್ಥೆ ಇದೆ. ನಮ್ಮಲ್ಲಿ ಪ್ರತಿ ಕಸ್ಟಡಿ ಕೇಸಿಗೂ ನೇಮಿಸಲೇಬೇಕು ಅಂತೇನಿಲ್ಲ. 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆಯ ಪ್ರಕಾರ ಜಡ್ಜ್ ಕೌನ್ಸೆಲರ್, ಡಾಕ್ಟರ್, ಸಮಾಜ ಸೇವಕರ ನೆರವು ಪಡೆಯಬಹುದು. ಬೇಕು ಅನ್ನಿಸಿದರೆ ಕೋರ್ಟಿಗೆ ಸಹಾಯ ಮಾಡಲು ವಕೀಲರನ್ನೂ ಕರೆಯಬಹುದು. ನಿಮ್ಮ ಕೇಸಿನಲ್ಲಿ ಜಡ್ಜ್‌ಗೆ ಬೇಕು ಅನ್ನಿಸಿದೆ. ಅಪ್ಪ ಅಮ್ಮ ಇಬ್ಬರ ಅಫಿಡವಿಟ್ ಓದಿ ಮಗುವಿನ ಮುಖವೇ ಕಾಣದೆ ಹೋದಾಗ ಹೀಗಾಗುತ್ತದೆ. ಬೇಜಾರು ಮಾಡಿಕೊಳ್ಳಬೇಡಿ, ಇಂಥ ಅಫಿಡವಿಟ್‌ಗಳು ಎಲ್ಲರದ್ದೂ ಹಾಗೇ ಇರುತ್ತವೆ.

ಅವರು ಏನು ಮಾಡುತ್ತಾರೆ? ಮಗಳ ಜೊತೆ ಮಾತಾಡುತ್ತಾರೆ, ಬಹುಶಃ ಒಂದಕ್ಕಿಂತ ಜಾಸ್ತಿ ಸಲ. ಎರಡೂ ಮನೆ ನೋಡಬಹುದು, ಶಾಲೆಯಲ್ಲಿ ವಿಚಾರಿಸಬಹುದು. "ಅಪ್ಪ ಬೇಕಾ, ಅಮ್ಮ ಬೇಕಾ" ಅಂತ ನೇರವಾಗಿ ಕೇಳುವುದಿಲ್ಲ, ಕೇಳಬಾರದು ಕೂಡ. ರಾತ್ರಿ ಹೆದರಿಕೆ ಆದರೆ ಯಾರನ್ನು ಎಬ್ಬಿಸ್ತೀಯ, ಜ್ವರ ಬಂದರೆ ಪಕ್ಕದಲ್ಲಿ ಯಾರು ಕೂರ್ತಾರೆ, ಇಂಥದ್ದು ಕೇಳುತ್ತಾರೆ. ನೀವು ಮನೆ, ಜಮೀನು, ಅಜ್ಜಿ ತಾತ ಎಲ್ಲ ಇರುವುದನ್ನು ಎಣಿಸಿ ಹೇಳಬೇಕು ಅಂತಿರಬಹುದು. ಹೇಳಿ. ಆದರೆ ಬಾಡಿಗೆ ಮನೆ ಅಂತ ತಾಯಿಗೆ ಮಾರ್ಕ್ಸ್ ಕಮ್ಮಿ ಆಗುವುದಿಲ್ಲ. ನಿಮಗೆ ಅವರು ಕೇಳಬಹುದಾದ ಪ್ರಶ್ನೆ ಬೇರೆ. ಮಗಳ ಕ್ಲಾಸ್ ಟೀಚರ್ ಹೆಸರೇನು? ಅವಳ ಗೆಳತಿ ಯಾರು? ಈ ವರ್ಷ ಯಾವ ಪಾಠ ಕಷ್ಟ ಅನ್ನುತ್ತಿದ್ದಾಳೆ? ಗೊತ್ತಿಲ್ಲದಿದ್ದರೆ ಈಗಲೇ ತಿಳಿದುಕೊಳ್ಳಿ. ಅವರಿಗೆ ಉತ್ತರ ಕೊಡೋಕಲ್ಲ, ನಿಮಗೋಸ್ಕರ. ಅವರು ಬರುತ್ತಾರೆ ಅಂತ ಗೋಡೆಗೆ ಸುಣ್ಣ ಹೊಡೆಸಿ ಹೊಸ ಸೈಕಲ್ ತಂದು ನಿಲ್ಲಿಸಬೇಡಿ. ತುಂಬಾ ಅಪ್ಪಂದಿರು ಆ ಸೈಕಲ್ ತಂದಿದ್ದಾರೆ.

"ತಂದೆಯೇ ಮೊದಲ ಗಾರ್ಡಿಯನ್, ಕಾನೂನೇ ಹೇಳುತ್ತೆ" ಅಂತ ಊರಿನಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆಯಲ್ಲಿ ಆ ಮಾತಿದೆ, ನಿಜ. ಐದು ತುಂಬದ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಇರಬೇಕು ಅಂತಲೂ ಇದೆ. ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ ಅಂತ ಅದೇ ಕಾಯ್ದೆ 13ನೇ ಕಲಮಿನಲ್ಲಿ ಹೇಳುತ್ತದೆ. ಕೋರ್ಟ್ ಹಿಡಿದುಕೊಳ್ಳುವುದು ಇದನ್ನೇ. ಮಗುವಿಗೆ ತಿಳಿವಳಿಕೆ ಬಂದಿದ್ದರೆ ಅದರ ಇಷ್ಟವನ್ನೂ ನೋಡಬಹುದು ಅಂತ 1890ರ ಗಾರ್ಡಿಯನ್ ಕಾಯ್ದೆ ಹೇಳುತ್ತದೆ. ಅದಕ್ಕೆ ಇಂತಿಷ್ಟೇ ವಯಸ್ಸು ಅಂತ ಇಟ್ಟಿಲ್ಲ. ಇಷ್ಟವನ್ನು ಕೇಳುತ್ತಾರೆ, ಅದೊಂದನ್ನೇ ನೋಡಿ ತೀರ್ಪು ಕೊಡುವುದಿಲ್ಲ. ಆ ವಕೀಲರ ವರದಿಯೂ ತೀರ್ಪಲ್ಲ. ಅದರಲ್ಲಿ ತಪ್ಪಿದ್ದರೆ, ಅಥವಾ ಅವರು ಮಗಳನ್ನು ಸರಿಯಾಗಿ ಮಾತಾಡಿಸಲೇ ಇಲ್ಲ ಅನ್ನಿಸಿದರೆ, ನಿಮ್ಮ ವಕೀಲರ ಮೂಲಕ ಜಡ್ಜ್‌ಗೇ ಬರೆದು ಕೊಡಿ. ಮುಂದೆ ಪರಿಸ್ಥಿತಿ ಬದಲಾದರೆ ಕಸ್ಟಡಿ ಆದೇಶವನ್ನೂ ಬದಲಾಯಿಸಲು ಕೇಳಬಹುದು.

ಹೇಳಿಕೊಡುವ ವಿಷಯ. ಹಿಂದೆ ಒಂದು ಕೋರ್ಟಿನ ಮಕ್ಕಳ ಕೋಣೆಯಲ್ಲಿ ಏಳೆಂಟು ವರ್ಷದ ಹುಡುಗನೊಬ್ಬನನ್ನು ನೋಡಿದ್ದೆ. ಅಮ್ಮ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿ ಕಳಿಸಿದ್ದರು. ಅಪ್ಪ ಹೋಟೆಲಿನಿಂದ ಮಸಾಲೆ ದೋಸೆ ತಂದಿದ್ದರು. ಹುಡುಗ ಎರಡನ್ನೂ ಪೂರ್ತಿ ತಿಂದ, ಒಂದು ಅಗುಳೂ ಬಿಡಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡ. ಯಾಕಪ್ಪಾ ಅಷ್ಟು ತಿಂದೆ ಅಂದರೆ, "ಬಿಟ್ರೆ ಬೇಜಾರ್ ಮಾಡ್ಕೋತಾರೆ" ಅಂದ. ಯಾರು ಅಂತ ನಾನು ಕೇಳಲಿಲ್ಲ.

ನಿಮ್ಮ ಮಗಳು "ಏನ್ ಹೇಳ್ಲಿ" ಅಂದಾಗ ಅವಳಿಗೆ ಬೇಕಿದ್ದದ್ದು ಉತ್ತರ ಅಲ್ಲ. ಏನು ಹೇಳಿದರೂ ಅಪ್ಪ ಸಿಟ್ಟಾಗಲ್ಲ ಅನ್ನುವ ಧೈರ್ಯ. ನೀವು ಹೇಳಿಕೊಟ್ಟರೆ ಅಮ್ಮನಿಗೆ ಮೋಸ ಮಾಡಿದೆ ಅಂತ ಅವಳು ರಾತ್ರಿ ನಿದ್ದೆಗೆಡುತ್ತಾಳೆ. ಅದೂ ಅಲ್ಲದೆ, ಬಾಯಿಪಾಠ ಮಾಡಿದ ಮಾತು ಅನುಭವ ಇರುವವರಿಗೆ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ. ನಿಮ್ಮ ತಾಯಿಗೂ ಸ್ವಲ್ಪ ಹೇಳಿ, "ನಿಮ್ಮಮ್ಮ ಬಿಟ್ಟು ಹೋದ್ಲು" ಅನ್ನುವ ಮಾತು ಆ ಮಗುವಿನ ಕಿವಿಗೆ ಬೀಳಬಾರದು. ನಿಮ್ಮ ಪತ್ರದಲ್ಲಿ ಅದಿಲ್ಲ. ಆದರೆ ಅಜ್ಜಿಯರು ಸುಮ್ನೆ ಇರುತ್ತಾರಾ?

ಮುಂದಿನ ಶನಿವಾರ ಹೊರಗೆ ಕರೆದುಕೊಂಡು ಹೋಗಲು ಕೋರ್ಟ್ ಅನುಮತಿ ಇದ್ದರೆ ಕಾರಂಜಿ ಕೆರೆಗೆ ಹೋಗಿ. ಪಕ್ಷಿಗಳ ಮನೆ ಹತ್ತಿರ ನವಿಲು ನೋಡುತ್ತಾ ನಿಂತಾಗ ಅವಳು ಮತ್ತೆ ಕೇಳಬಹುದು. ಆಗ ಇಷ್ಟು ಹೇಳಿ: "ನಿಂಗೆ ಏನನ್ಸುತ್ತೋ ಅದನ್ನೇ ಹೇಳು ಕಣಮ್ಮ. ಹೇಳೋಕೆ ಇಷ್ಟ ಇಲ್ದಿದ್ರೆ ಗೊತ್ತಿಲ್ಲ ಆಂಟಿ ಅನ್ನು, ಅದೂ ಸರೀನೇ. ಅಪ್ಪಂಗೆ ಬೇಜಾರಿಲ್ಲ." ಅವಳು ವಕೀಲರನ್ನು ನೋಡಿ ಬಂದ ಮೇಲೆ "ಏನ್ ಕೇಳಿದ್ರು, ಏನ್ ಹೇಳ್ದೆ" ಅಂತ ಕೇಳಬೇಡಿ. ಅವಳಾಗಿ ಹೇಳಿದರೆ ಕೇಳಿಸಿಕೊಳ್ಳಿ. ಹೇಳದಿದ್ದರೆ ಚುರುಮುರಿ ಕೊಡಿಸಿ.