ಲಿಂಕ್ಡ್‌ಇನ್‌ನಲ್ಲಿ 400 ಜನ ಇದ್ದರೂ ಉತ್ತರ ಬರದಿದ್ದರೆ

ಮಾರ್ಕೆಟಿಂಗ್ ಕೆಲಸ ಹುಡುಕಲು ಲಿಂಕ್ಡ್‌ಇನ್‌ನಲ್ಲಿ 400 ಜನರನ್ನು ಸೇರಿಸಿಕೊಂಡಿದ್ದೀರಿ, ಆದರೂ ಯಾರೂ ಉತ್ತರಿಸುತ್ತಿಲ್ಲ ಅಂತೀರಿ. ಮೊದಲ ಮೆಸೇಜಿನಲ್ಲೇ ಕೆಲಸ ಕೇಳುತ್ತಿದ್ದೀರಲ್ಲ, ಅದೇ ಕಾರಣ ಇರಬೇಕು. ನನಗೂ ಇದೇ ಆಗಿತ್ತು.

ಹೊಸಬರನ್ನು ಸೇರಿಸುವುದನ್ನು ಸದ್ಯಕ್ಕೆ ನಿಲ್ಲಿಸಿ. ಹಳೆಯ ಸಹೋದ್ಯೋಗಿಗಳು, ಏಜೆನ್ಸಿಯವರು, ಡಿಸೈನರ್‌ಗಳು, ಹೀಗೆ ನಿಮ್ಮ ಕೆಲಸ ನೋಡಿರುವ 10 ಜನರ ಪಟ್ಟಿ ಮಾಡಿ. ಅಪರೂಪಕ್ಕೆ ಮಾತಾಡುವವರನ್ನು ಬಿಡಬೇಡಿ. ಕೆಲಸದ ಸುದ್ದಿ ಆಪ್ತರಿಗಿಂತ ಅಂಥವರಿಂದಲೇ ಜಾಸ್ತಿ ಬರುತ್ತದೆ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿದ್ದರು.

ಆಮೇಲೆ ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯಿರಿ. ಸುಮ್ನೆ 'ಹಾಯ್ ಸರ್' ಬೇಡ. ಅವರು ಮಾಡಿದ ಒಂದು ಕ್ಯಾಂಪೇನ್ ಬಗ್ಗೆ ಒಂದೇ ಪ್ರಶ್ನೆ ಕೇಳಿ: 'ವಿಡಿಯೊ ಬಿಟ್ಟು ಇಮೇಲ್ ಯಾಕೆ ಆರಿಸಿದಿರಿ?' ಇಂಥದ್ದಕ್ಕೆ ಜನ ಖುಷಿಯಿಂದ ಮಾತಾಡುತ್ತಾರೆ. 10ರಲ್ಲಿ ಎಷ್ಟು ಜನ ಉತ್ತರಿಸುತ್ತಾರೋ ಹೇಳಲಾರೆ. ಉತ್ತರಿಸಿದವರಿಗೆ ಅವರ ಕೆಲಸಕ್ಕೆ ಉಪಯೋಗವಾಗುವ ಏನನ್ನಾದರೂ ವಾರದೊಳಗೆ ಕಳಿಸಿ. ಕೆಲಸ ಕೇಳುವುದನ್ನು ಅದಾದ ಮೇಲೆ ಇಟ್ಟುಕೊಳ್ಳಿ.