ಸಿನಿಮಾದ ಬಂದೂಕು ಎಷ್ಟು ನಿಜ?

ಆ್ಯಕ್ಷನ್ ಸಿನಿಮಾಗಳಲ್ಲಿ ಗನ್ ಹಿಡಿಯುವುದು, ಹೊಡೆಯುವುದು ಎಷ್ಟರಮಟ್ಟಿಗೆ ನಿಜ ಎಂದು ಕೇಳಿದ್ದೀರಿ. ಹಿಡಿಯುವ ರೀತಿ ಈಚೆಗೆ ಬಹಳ ಸುಧಾರಿಸಿದೆ. ಗುಂಡು ಹಾರಿದ ಮೇಲೆ ತೋರಿಸುವುದು ಮಾತ್ರ ಇವತ್ತಿಗೂ ಬಹುಪಾಲು ಕಟ್ಟುಕತೆ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಸುಳ್ಳು ಸದ್ದಿನದು. ತೆರೆಯ ಮೇಲೆ ಸೈಲೆನ್ಸರ್ ಹಾಕಿದರೆ ಬರೀ 'ಪುಸ್' ಅನ್ನುತ್ತದೆ, ಪಕ್ಕದ ಕೋಣೆಯವನಿಗೆ ನಿದ್ದೆ ಕೆಡುವುದಿಲ್ಲ. 9 ಎಂಎಂ ಪಿಸ್ತೂಲಿನ ಸದ್ದು ಸುಮಾರು 160 ಡೆಸಿಬೆಲ್. ಸೈಲೆನ್ಸರ್ ಅದರಲ್ಲಿ 20ರಿಂದ 35 ಡೆಸಿಬೆಲ್ ತಗ್ಗಿಸಬಹುದು, ಅಷ್ಟೇ. ಉಳಿದದ್ದೂ ಜೋರಾಗಿಯೇ ಇರುತ್ತದೆ. ಸೈಲೆನ್ಸರ್ ಅಡಗಿಸುವುದು ನಳಿಗೆಯಿಂದ ನುಗ್ಗುವ ಬಿಸಿ ಅನಿಲದ ಸದ್ದನ್ನು. ಗುಂಡು ಶಬ್ದದ ವೇಗವನ್ನು, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರನ್ನು, ಮೀರಿ ಹೋದರೆ ಗಾಳಿ ಸೀಳುವ 'ಚಟೀರ್' ಸದ್ದು ಹಾಗೇ ಉಳಿಯುತ್ತದೆ. ಅದೂ ಬೇಡವೆಂದರೆ ಭಾರದ, ನಿಧಾನದ ಗುಂಡೇ ಬೇಕು. ರಿವಾಲ್ವರಿಗೆ ಸೈಲೆನ್ಸರ್ ಸಿಕ್ಕಿಸಿದ್ದು ಕಂಡರೆ ನಕ್ಕುಬಿಡಿ: ತಿರುಗುವ ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯಿಂದಲೇ ಅನಿಲ ಸಿಡಿಯುತ್ತದೆ. (ಆ ಸಂದಿ ಮುಚ್ಚಿಕೊಳ್ಳುವ ರಷ್ಯದ ನಾಗಾಂತ್ ಒಂದು ಅಪವಾದ.) ಇನ್ನು ಮುಚ್ಚಿದ ಕೋಣೆಯಲ್ಲಿ ಹತ್ತು ಗುಂಡು ಹಾರಿಸಿ, ಮರುಕ್ಷಣವೇ ಪಿಸುಮಾತಿನಲ್ಲಿ ಮಾತಾಡುತ್ತಾರಲ್ಲ, ಅಷ್ಟು ಹೊತ್ತಿಗೆ ಕಿವಿ ಗುಂಯ್ ಅನ್ನುತ್ತಿರುತ್ತದೆ.

ಗ್ಲಾಕ್ ಪಿಸ್ತೂಲು ಎತ್ತಿ ಹಿಡಿದಾಗ ಕೇಳುವ 'ಕ್ಲಿಕ್' ಕೂಡ ಸ್ಟುಡಿಯೋದಲ್ಲಿ ಸೇರಿಸಿದ್ದು. ಅದರಲ್ಲಿ ಹೆಬ್ಬೆರಳಿನಿಂದ ಎಳೆದಾಗ ಆ ಸದ್ದು ಮಾಡುವ ಹ್ಯಾಮರೇ (ಹಿಂಬದಿಯ ಸುತ್ತಿಗೆ) ಇಲ್ಲ. ಬೆದರಿಸಲು ಪಂಪ್ ಶಾಟ್‌ಗನ್ನನ್ನು 'ಚಕ್ ಚಕ್' ಎಳೆಯುವವನ ಬಂದೂಕಿನ ಚೇಂಬರ್, ಅಂದರೆ ಹಾರಲು ಸಿದ್ಧವಾದ ತೋಟಾ ಕೂರುವ ಜಾಗ, ಅಲ್ಲಿಯವರೆಗೆ ಖಾಲಿಯಿತ್ತು ಎಂದರ್ಥ. ಇಲ್ಲವಾದರೆ ಒಂದು ಒಳ್ಳೆಯ ತೋಟಾ ಸುಮ್ಮನೆ ನೆಲಕ್ಕೆ ಬೀಳಬೇಕು.

ಗುಂಡು ಎಣಿಸಿ ನೋಡಿ. ಎಕೆ-47 ನಿಮಿಷಕ್ಕೆ ಸುಮಾರು 600 ಗುಂಡಿನ ವೇಗದಲ್ಲಿ ಹಾರಿಸುತ್ತದೆ, ಗುಂಡು ತುಂಬುವ ಡಬ್ಬಿಯಲ್ಲಿ, ಅಂದರೆ ಮ್ಯಾಗಜೀನಿನಲ್ಲಿ, ಇರುವುದು 30. ಕುದುರೆ (ಟ್ರಿಗರ್) ಒತ್ತಿಯೇ ಹಿಡಿದರೆ ಮೂರು ಸೆಕೆಂಡಿಗೆ ಖಾಲಿ. ನಾಯಕ 20 ಸೆಕೆಂಡ್ ಬಿಡದೆ ಹೊಡೆದರೆ ಏಳು ಮ್ಯಾಗಜೀನ್ ಬೇಕು, ಹೊತ್ತು ತಿರುಗುವ ಭಾರವೇ ಐದು ಕೆಜಿ ದಾಟುತ್ತದೆ. ಪಿಸ್ತೂಲು ಬರಿದಾದಾಗ ಕೇಳಿಸುವ 'ಟಿಕ್ ಟಿಕ್ ಟಿಕ್' ಕೂಡ ತಪ್ಪು. ಈಗಿನ ಹೆಚ್ಚಿನ ಪಿಸ್ತೂಲುಗಳಲ್ಲಿ ಕೊನೆಯ ಗುಂಡು ಹಾರಿದ ಕೂಡಲೇ ಸ್ಲೈಡ್ (ಪಿಸ್ತೂಲಿನ ಜಾರುವ ಮೇಲ್ಭಾಗ) ಹಿಂದಕ್ಕೆ ಸರಿದು ಅಲ್ಲೇ ನಿಲ್ಲುತ್ತದೆ.

ಗುಂಡು ತಗುಲಿದವನು ಗಾಜು ಒಡೆದುಕೊಂಡು ಹಿಂದಕ್ಕೆ ಹಾರುವುದೂ ಇಲ್ಲ. 8 ಗ್ರಾಂ ಗುಂಡು ಸೆಕೆಂಡಿಗೆ 360 ಮೀಟರ್ ವೇಗದಲ್ಲಿ ಬಂದು 70 ಕೆಜಿ ದೇಹದಲ್ಲಿ ನಿಂತರೆ, ಆ ದೇಹಕ್ಕೆ ಸಿಗುವ ವೇಗ ಸೆಕೆಂಡಿಗೆ ಸುಮಾರು 4 ಸೆಂಟಿಮೀಟರ್. ಅವನು ಹಾರುವುದಾದರೆ ಹೊಡೆದವನೂ ಅತ್ತ ಹಾರಬೇಕಾಗುತ್ತದೆ. ಕಾರಿನ ಬಾಗಿಲು ತೆಳು ತಗಡು, ಮರೆಗೆ ಆಗುವುದು ಎಂಜಿನ್ ಇರುವ ಕಡೆ.

ಗನ್ ಹೂವಿನಷ್ಟು ಹಗುರವಾಗಿ ಕಾಣುವುದಕ್ಕೂ ಕಾರಣವಿದೆ. ಚಿತ್ರೀಕರಣಕ್ಕೆ ಬಳಸುವ ಬ್ಲ್ಯಾಂಕ್ ತೋಟಾದಲ್ಲಿ ಮದ್ದು ಇದ್ದರೂ ಗುಂಡಿಲ್ಲ, ಹಾಗಾಗಿ ಒದೆತ ಕಡಿಮೆ, ನಟನೇ ಅದನ್ನು ನಟಿಸಬೇಕು. ಗುಂಡಿಲ್ಲ ಎಂದು ಸದರ ಮಾಡುವಂತಿಲ್ಲ: ಹತ್ತಿರದಿಂದ ಅದರ ಅನಿಲವೇ ಕೊಲ್ಲಬಲ್ಲದು. ನಳಿಗೆಯಲ್ಲಿ ಏನಾದರೂ ಸಿಕ್ಕಿಕೊಂಡಿದ್ದರೆ ಅದೇ ಗುಂಡಾಗುತ್ತದೆ. 1993ರಲ್ಲಿ ನಟ ಬ್ರ್ಯಾಂಡನ್ ಲೀ ಸೆಟ್ಟಿನಲ್ಲೇ ಸತ್ತದ್ದು ಹೀಗೆ.

ನಟನಿಗೆ ತರಬೇತಿ ಆಗಿದೆಯೇ ಎಂದು ತಿಳಿಯಲು ಅವನ ತೋರುಬೆರಳು ನೋಡಿ. ಹೊಡೆಯುವ ಕ್ಷಣದವರೆಗೂ ಅದು ಕುದುರೆಯ ಮೇಲಲ್ಲ, ಗನ್ನಿನ ಪಕ್ಕಕ್ಕೆ ನೇರವಾಗಿ ಚಾಚಿರುತ್ತದೆ.